ಅಂಗಡಿಯಲ್ಲಿ ‘ಬೇಕಿತ್ತು’, ಇಂಗ್ಲಿಷಿನಲ್ಲಿ ‘ಕುಡ್’

ಉಡುಪಿಯ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಜಾಸ್ತಿ ಮಂದಿ ನರ್ಸಿಂಗ್ ಮುಗಿಸಿದವರು, ಹೋಟೆಲಿನ ಕೌಂಟರ್‌ನಲ್ಲಿ ಕೂರುವವರು, ಗಲ್ಫ್‌ಗೆ ಹೊರಟವರು. ಕಳೆದ ಜೂನ್‌ನಲ್ಲಿ ಬ್ರಹ್ಮಾವರ ಕಡೆಯ ಒಬ್ಬ ಹುಡುಗಿ ಪಾಠ ಮುಗಿದ ಮೇಲೆ ಫೋನ್ ತಂದು ನನ್ನ ಮುಂದೆ ಹಿಡಿದಳು. ಅವಳ ವಾರ್ಡಿನ ಮೇಲಿನವರು ಹೊರರಾಜ್ಯದವರು, ಕನ್ನಡ ಬರುವುದಿಲ್ಲ. ಅವರಿಗೆ ಕಳಿಸಲು ಬರೆದಿಟ್ಟ ಮೆಸೇಜ್ ಹೀಗಿತ್ತು: ‘ಐ ವಾಂಟ್ ಲೀವ್ ಆನ್ ಮಂಡೇ. ಯು ಮಸ್ಟ್ ಅಪ್ರೂವ್.’

ಈ ಹುಡುಗಿ ಯಾರ ಹತ್ತಿರವೂ ದನಿ ಏರಿಸಿ ಮಾತಾಡಿದವಳಲ್ಲ. ‘ಇದನ್ನೇ ಕನ್ನಡದಲ್ಲಿ ಹೇಳೋದಾದ್ರೆ ಹೇಗೆ ಹೇಳ್ತಿದ್ದೆ?’ ಅಂತ ಕೇಳಿದೆ. ಯೋಚಿಸಲೇ ಇಲ್ಲ ಅವಳು. ‘ಮೇಡಂ, ಸೋಮವಾರ ಒಂದು ರಜೆ ಬೇಕಿತ್ತು.’

ಆ ‘ಬೇಕಿತ್ತು’ವನ್ನು ಸ್ವಲ್ಪ ನೋಡಿ. ರಜೆ ಬೇಕಾಗಿರುವುದು ಮುಂದೆ ಬರುವ ಸೋಮವಾರಕ್ಕೆ. ಹಾಗಿದ್ದೂ ಅವಳು ‘ಬೇಕು’ ಅನ್ನಲಿಲ್ಲ. ಕಳೆದುಹೋದ ಕಾಲದ ರೂಪ ಹಿಡಿದು ‘ಬೇಕಿತ್ತು’ ಅಂದಳು. ನಾವೆಲ್ಲ ದಿನಾ ಹೀಗೇ ಮಾಡುತ್ತೇವೆ. ಅಂಗಡಿಯಲ್ಲಿ ‘ಅರ್ಧ ಕೇಜಿ ಸಕ್ಕರೆ ಬೇಕಿತ್ತು’. ಬ್ಯಾಂಕಿನಲ್ಲಿ ‘ಒಂದು ವಿಷಯ ಕೇಳಬೇಕಿತ್ತು’. ಸಕ್ಕರೆ ಬೇಕಾದದ್ದು ಈಗ, ಕೇಳುತ್ತಿರುವುದೂ ಈಗ. ಆದರೂ ಮಾತನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತೇವೆ. ‘ಬೇಕು’ ಅಂದರೆ ಸೀದಾ ಒಳಗೆ ನುಗ್ಗಿ ಕೇಳಿದ ಹಾಗೆ. ‘ಬೇಕಿತ್ತು’ ಅಂದರೆ ಜಗಲಿಯಲ್ಲಿ ನಿಂತು ಕೇಳಿದ ಹಾಗೆ. ಎದುರಿನವರಿಗೆ ‘ಇವತ್ತು ಇಲ್ಲ ಮಾರಾಯ್ರೆ’ ಅನ್ನಲು ಜಾಗ ಉಳಿಯುತ್ತದೆ.

ಇಂಗ್ಲಿಷಿನ ಕುಡ್, ವುಡ್, ಮೈಟ್ ಮಾಡುವುದು ಇದೇ ಕೆಲಸ. ಕ್ಯಾನ್‌ನ ಹಿಂದಿನ ಕಾಲದ ರೂಪ ಕುಡ್. ವಿಲ್‌ಗೆ ವುಡ್, ಮೇಗೆ ಮೈಟ್, ಶ್ಯಾಲ್‌ಗೆ ಶುಡ್. ಹುಟ್ಟಿನಿಂದ ಇವು ಭೂತಕಾಲದ ರೂಪಗಳೇ. ಈಗ ಜಾಸ್ತಿ ಬಳಕೆಯಾಗುವುದು ಮಾತ್ರ ಇವತ್ತಿನ, ನಾಳೆಯ ವಿಷಯಕ್ಕೆ. ‘ಕುಡ್ ಯು ಹೆಲ್ಪ್ ಮಿ?’ ಅಂದಾಗ ಯಾರೂ ನಿನ್ನೆಯ ಸಹಾಯ ಕೇಳುತ್ತಿಲ್ಲ. ಸಕ್ಕರೆ ಕೇಳುವಾಗ ನಾವು ಇಟ್ಟ ಹೆಜ್ಜೆಯನ್ನೇ ಅವರೂ ಹಿಂದಕ್ಕೆ ಇಟ್ಟಿದ್ದಾರೆ, ಅಷ್ಟೇ.

ಶಾಲೆಯಲ್ಲಿ ಇದನ್ನು ನಮಗೆ ಹೀಗೆ ಹೇಳಿಕೊಡಲಿಲ್ಲ. ‘ಕ್ಯಾನ್ ಅಂದರೆ ಸಾಮರ್ಥ್ಯ, ಮೇ ಅಂದರೆ ಅನುಮತಿ, ಮೈಟ್ ಅಂದರೆ ಸಾಧ್ಯತೆ’ ಎಂಬ ಪಟ್ಟಿ ಕೊಟ್ಟರು. ಪಟ್ಟಿ ಪರೀಕ್ಷೆಗೆ ಸಾಕು, ವಾರ್ಡಿಗೆ ಸಾಲದು. ಸಾಧ್ಯತೆ ಹೇಳುವ ಪದಗಳೇ ಮರ್ಯಾದೆಗೂ ಯಾಕೆ ಬರುತ್ತವೆ ಎನ್ನುವುದು ಪಟ್ಟಿಯಿಂದ ಗೊತ್ತಾಗುವುದಿಲ್ಲ. ಎರಡರ ಬೇರು ಒಂದೇ: ಜಾಗ ಬಿಡುವುದು. ‘ಇಟ್ ಮೈಟ್ ರೇನ್’ ಅಂದಾಗ ಮಳೆ ಬರದೇ ಇರಲೂ ಜಾಗ ಬಿಡುತ್ತೇವೆ. ‘ಕುಡ್ ಯು ವೇಟ್?’ ಅಂದಾಗ ಕಾಯದೇ ಹೋಗಲೂ ಜಾಗ ಬಿಡುತ್ತೇವೆ.

ಇಂತಹ ಮುಖ್ಯ ಪದಗಳು ಒಟ್ಟು 9: ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶ್ಯಾಲ್, ಶುಡ್, ಮಸ್ಟ್. ಇವುಗಳಿಗೆ ಮೋಡಲ್ ವರ್ಬ್ ಅಂತ ಹೆಸರು. ಬೇರೆ ಕ್ರಿಯಾಪದಗಳ ಹಾಗೆ ಇವು ಬಾಲ ಬದಲಿಸುವುದಿಲ್ಲ. ‘ಹೀ ಕಮ್ಸ್’ ಇದೆ, ‘ಹೀ ಕ್ಯಾನ್ಸ್’ ಇಲ್ಲ. ಇದು ಕನ್ನಡಿಗರಿಗೆ ಹೊಸದೇ ಅಲ್ಲ. ನಾನು ಬರಬಹುದು, ಅವಳು ಬರಬಹುದು, ಅವರೆಲ್ಲ ಬರಬಹುದು. ಯಾರು ಬಂದರೂ ‘ಬಹುದು’ ಬದಲಾಗುವುದಿಲ್ಲ, ‘ಬೇಕು’ ಕೂಡ ಹಾಗೆಯೇ. ಇನ್ನೊಂದು ನಿಯಮ, ಒಂದರ ಬೆನ್ನಿಗೆ ಒಂದು ಮೋಡಲ್ ಬರುವುದಿಲ್ಲ. ‘ಐ ವಿಲ್ ಕ್ಯಾನ್ ಕಮ್’ ತಪ್ಪು, ‘ಐ ವಿಲ್ ಬಿ ಏಬಲ್ ಟು ಕಮ್’ ಸರಿ.

ಹಳೆಯ ಇಂಗ್ಲಿಷಿನಲ್ಲಿ ಇವೆಲ್ಲ ಸ್ವಂತ ಅರ್ಥ ಇದ್ದ ಪೂರ್ತಿ ಕ್ರಿಯಾಪದಗಳು. ವಿಲ್ ಅಂದರೆ ಬಯಸುವುದು. ಶ್ಯಾಲ್ ಅಂದರೆ ಋಣ ಇರುವುದು. ಮೇ ಅಂದರೆ ಶಕ್ತಿ ಇರುವುದು. ಕ್ಯಾನ್ ಅಂದರೆ ತಿಳಿದಿರುವುದು. ಈ ಕೊನೆಯದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ಯಾಕೆಂದರೆ ನಮ್ಮ ‘ಬಲ್ಲ’ ನಡೆದದ್ದೂ ಅದೇ ದಾರಿಯಲ್ಲಿ. ‘ಅವಳು ತುಳು ಬಲ್ಲಳು’ ಅಂದರೆ ತಿಳಿದಿದ್ದಾಳೆ. ‘ಅವಳು ಈಜಬಲ್ಲಳು’ ಅಂದರೆ ಅವಳಿಂದ ಆಗುತ್ತದೆ. ಎಲ್ಲೋ ದೂರದ ಎರಡು ಭಾಷೆಗಳು, ತಿಳಿದವನಿಗೇ ಮಾಡಲಾಗುವುದು ಎಂದು ಒಂದೇ ಥರ ಯೋಚಿಸಿವೆ.

ಉಚ್ಚಾರದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹಲವರು ‘ಕುಲ್ಡ್’, ‘ಶುಲ್ಡ್’ ಅನ್ನುತ್ತಾರೆ, ಬರವಣಿಗೆಯಲ್ಲಿ ಎಲ್ ಅಕ್ಷರ ಇದೆ ಅಂತ. ಅದನ್ನು ಉಚ್ಚರಿಸಬಾರದು. ಶುಡ್ ಮತ್ತು ವುಡ್‌ನಲ್ಲಿ ಆ ಎಲ್ ಹಳೆಯ ಕಾಲದಿಂದ ಬಂದದ್ದು. ಕುಡ್‌ನಲ್ಲಿ ಅದು ಮೊದಲು ಇರಲೇ ಇಲ್ಲ. ಜೊತೆಯವೆರಡನ್ನು ನೋಡಿ ಆಮೇಲೆ ಸೇರಿಸಿದ್ದು.

ಈಗ ಮಳೆಗೆ ಬರೋಣ. ಸಾಧ್ಯತೆಯ ಪಾಠಕ್ಕೆ ಕರಾವಳಿಯ ಜೂನ್‌ಗಿಂತ ಒಳ್ಳೆಯ ತರಗತಿ ಇಲ್ಲ. ಮಲ್ಪೆಯ ಕಡೆ ಆಕಾಶ ಕಪ್ಪಾಗಿದೆ ಅಂದುಕೊಳ್ಳಿ. ‘ಇಟ್ ವಿಲ್ ರೇನ್’ ಅಂದರೆ ಮಳೆ ಬರುತ್ತದೆ, ನನಗೆ ಸಂಶಯ ಇಲ್ಲ. ‘ಇಟ್ ಮೇ ರೇನ್’ ಅಂದರೆ ಬರಬಹುದು, ಬರದೆಯೂ ಇರಬಹುದು. ‘ಇಟ್ ಮೈಟ್ ರೇನ್’, ‘ಇಟ್ ಕುಡ್ ರೇನ್’ ಅಂದರೂ ಹೆಚ್ಚುಕಡಿಮೆ ಅದೇ, ಭರವಸೆ ಒಂದು ಕೂದಲೆಳೆಯಷ್ಟು ಕಡಿಮೆ. ಮೇ ಮತ್ತು ಮೈಟ್ ನಡುವೆ ದೊಡ್ಡ ಅಂತರ ಇದೆ ಅಂತ ಕೆಲವು ಗೈಡ್‌ಗಳು ಶೇಕಡಾ ಲೆಕ್ಕ ಕೊಡುತ್ತವೆ. ಅದನ್ನು ನಂಬಬೇಡಿ. ದಿನನಿತ್ಯದ ಮಾತಿನಲ್ಲಿ ಎಷ್ಟೋ ಮಂದಿ ಎರಡನ್ನೂ ಒಂದೇ ಹಾಗೆ ಬಳಸುತ್ತಾರೆ.

ಮೈಟ್‌ನ ರುಚಿ ಹಿಡಿಯಲು ನನಗೆ ನೆರವಾದದ್ದು ಹೈಸ್ಕೂಲಿನ ಕನ್ನಡ ವ್ಯಾಕರಣ. ಸಂಭಾವನಾರ್ಥಕ ನೆನಪಿದೆಯಾ? ಬಂದಾನು, ಬಂದಾಳು, ಬಂದೀತು. ‘ಕೊಡೆ ತಗೊಂಡು ಹೋಗು, ಮಳೆ ಬಂದೀತು.’ ‘ಜಾಗ್ರತೆ, ಪಾಚಿ ಇದೆ, ಬಿದ್ದೀಯ!’ ಇಲ್ಲಿ ಅಜ್ಜಿ ಭವಿಷ್ಯ ಹೇಳುತ್ತಿಲ್ಲ. ಹಾಗೂ ಆದೀತು, ನೋಡಿಕೋ ಅನ್ನುತ್ತಿದ್ದಾಳೆ. ‘ಯು ಮೈಟ್ ಸ್ಲಿಪ್’ ಅಂದರೆ ಅದೇ. ಹೊರಗಿನಿಂದ ಬಂದು ಇಂತಹ ರೂಪಗಳನ್ನೆಲ್ಲ ಒಂದೊಂದಾಗಿ ಇಂಗ್ಲಿಷಿನಲ್ಲಿ ಬಿಡಿಸಿ ಬರೆದವರು ಜರ್ಮನಿಯ ಫರ್ಡಿನೆಂಡ್ ಕಿಟೆಲ್. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1903ರಲ್ಲಿ ಬಂತು. ಎರಡೂ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಅವರು ಆ ದಡದಿಂದ ಈ ದಡಕ್ಕೆ ಹಾಕಿದ ಸೇತುವೆಯಲ್ಲಿ ನಾವು ಈ ದಡದಿಂದ ಆ ದಡಕ್ಕೆ ನಡೆಯಬಹುದು. ‘ಬಂದೀತು’ ಗೊತ್ತಿದ್ದವರಿಗೆ ಮೈಟ್ ಕಷ್ಟ ಆಗಬಾರದು.

ಕಷ್ಟ ಇರುವುದು ‘ಬಹುದು’ನಲ್ಲಿ. ಕನ್ನಡದ ‘ಬಹುದು’ ತುಂಬ ಅಗಲವಾದ ಪದ. ‘ನೀವು ಒಳಗೆ ಬರಬಹುದು’ ಅನುಮತಿ. ‘ನಾಳೆ ಮಳೆ ಬರಬಹುದು’ ಸಾಧ್ಯತೆ. ‘ಇಲ್ಲಿಂದ ಕಾಪು ದೀಪಸ್ತಂಭಕ್ಕೆ ಬಸ್ಸಿನಲ್ಲಿ ಹೋಗಬಹುದು’ ದಾರಿ ಇದೆ ಎಂಬ ಮಾಹಿತಿ. ಮೂರಕ್ಕೂ ಒಂದೇ ಪದ ಸಾಕು. ನಮ್ಮವರು ಇಂಗ್ಲಿಷಿಗೆ ಹೋದಾಗ ಮೂರಕ್ಕೂ ಕ್ಯಾನ್ ಹಾಕಿಬಿಡುತ್ತಾರೆ: ‘ಟುಮಾರೊ ಇಟ್ ಕ್ಯಾನ್ ರೇನ್.’ ಇದು ಇಂಗ್ಲಿಷ್ ಕಿವಿಗೆ ಸರಿ ಕೇಳುವುದಿಲ್ಲ. ಕ್ಯಾನ್ ಹೇಳುವುದು ಸಾಮಾನ್ಯ ಸ್ವಭಾವವನ್ನು. ‘ಇಟ್ ಕ್ಯಾನ್ ರೇನ್ ಇನ್ ಅಕ್ಟೋಬರ್’ ಸರಿ, ಯಾಕೆಂದರೆ ಅಕ್ಟೋಬರ್‌ನಲ್ಲಿ ಮಳೆ ಬರುವುದುಂಟು ಎಂದು ಊರಿನ ಸ್ವಭಾವ ಹೇಳುತ್ತಿದ್ದೇವೆ. ನಾಳೆ ಎಂಬ ಒಂದು ನಿರ್ದಿಷ್ಟ ದಿನದ ಊಹೆಗೆ ಮೇ, ಮೈಟ್ ಅಥವಾ ಕುಡ್ ಬೇಕು. ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಗುರುತು ಇದು: ಕನ್ನಡದಲ್ಲಿ ‘ಉಂಟು’ ಸೇರಿಸಿ ನೋಡಿ. ‘ಬರುವುದುಂಟು’ ಅಂತ ಹೇಳಲು ಬಂದರೆ ಕ್ಯಾನ್. ‘ಬಂದೀತು’ ಅಂತ ಹೇಳಲು ಬಂದರೆ ಮೈಟ್.

ಮೇ ಪದದ ಕಥೆ ಬೇರೆ. ಅದು ನಮಗೆ ಪರಿಚಯವಾದದ್ದೇ ತರಗತಿಯ ಬಾಗಿಲಲ್ಲಿ. ‘ಮೇ ಐ ಕಮ್ ಇನ್, ಮಿಸ್?’ ಒಂದನೇ ಕ್ಲಾಸಿನಿಂದ ಸಾವಿರಾರು ಸಲ ಹೇಳಿದ್ದೇವೆ. ಹಾಗಾಗಿ ಮೇ ಅಂದರೆ ಅಪ್ಪಣೆ ಎಂದು ಗಟ್ಟಿಯಾಗಿ ಕೂತುಬಿಟ್ಟಿದೆ. ಆಮೇಲೆ ಡಾಕ್ಟರ್ ‘ಯು ಮೇ ಫೀಲ್ ಸಮ್ ಪೇಯ್ನ್’ ಅಂದರೆ ನೋವು ಅನುಭವಿಸಲು ಅಪ್ಪಣೆ ಕೊಟ್ಟ ಹಾಗೆ ಕೇಳುತ್ತದೆ. ಅಲ್ಲಿರುವುದು ಬರೀ ಸಾಧ್ಯತೆ: ಸ್ವಲ್ಪ ನೋವಾದೀತು.

ಇನ್ನು ಮಸ್ಟ್. ಕಾರ್ಕಳದಿಂದ ಬಂದ ಬಸ್ಸು ತೊಟ್ಟಿಕ್ಕುತ್ತಾ ಉಡುಪಿಯ ಸ್ಟ್ಯಾಂಡಿಗೆ ಬಂತು. ಇಲ್ಲಿ ಒಂದು ಹನಿ ಇಲ್ಲ. ನೀವೇನು ಅನ್ನುತ್ತೀರಿ? ‘ಕಾರ್ಕಳದಲ್ಲಿ ಮಳೆ ಬರ್ತಾ ಇರಬೇಕು.’ ‘ಇಟ್ ಮಸ್ಟ್ ಬಿ ರೇನಿಂಗ್ ಇನ್ ಕಾರ್ಕಳ.’ ಯಾರೂ ಮಳೆಗೆ ಆಜ್ಞೆ ಮಾಡುತ್ತಿಲ್ಲ. ಕಣ್ಣೆದುರಿನ ಗುರುತು ನೋಡಿ ಖಚಿತವಾದ ಊಹೆ ಮಾಡುತ್ತಿದ್ದೇವೆ. ಕನ್ನಡದ ‘ಇರಬೇಕು’ ಮತ್ತು ಇಂಗ್ಲಿಷಿನ ‘ಮಸ್ಟ್ ಬಿ’ ಇಲ್ಲಿ ಅಚ್ಚಿಗೆ ಅಚ್ಚು ಕೂರುತ್ತವೆ. ಆದರೆ ಇದರ ಎದುರು ಮಾತು ‘ಮಸ್ಟ್ ನಾಟ್’ ಅಲ್ಲ, ‘ಕಾಂಟ್’. ಬಸ್ಸು ಪೂರ್ತಿ ಒಣಗಿ ಬಂದರೆ ‘ಇಟ್ ಕಾಂಟ್ ಬಿ ರೇನಿಂಗ್ ಇನ್ ಕಾರ್ಕಳ’. ಮಳೆ ಇರಲಿಕ್ಕಿಲ್ಲ, ಇರಲು ಸಾಧ್ಯವೇ ಇಲ್ಲ.

ಆಗಿಹೋದದ್ದರ ಬಗ್ಗೆ ಊಹಿಸುವಾಗ ಹ್ಯಾವ್ ಸೇರುತ್ತದೆ. ‘ಬಸ್ ಹೋಗಿರಬಹುದು’ ಅಂದರೆ ‘ಮೈಟ್ ಹ್ಯಾವ್ ಗಾನ್’, ‘ಹೋಗಿರಬೇಕು’ ಅಂದರೆ ‘ಮಸ್ಟ್ ಹ್ಯಾವ್ ಗಾನ್’. ‘ನೀನು ಮೊದಲೇ ಹೇಳಬೇಕಿತ್ತು’ ಅಂದರೆ ‘ಯು ಶುಡ್ ಹ್ಯಾವ್ ಟೋಲ್ಡ್ ಮಿ’. ಕನ್ನಡದ ಜೋಡಣೆಯನ್ನು ಹಾಗೇ ಹಿಡಿದುಕೊಂಡರೆ ಸಾಕು.

ಆದರೆ ‘ಇಲ್ಲ’ದ ಜಾಗದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ನರ್ಸಿಂಗ್ ಹುಡುಗಿಯರಿಗೆ ನಾನು ಎರಡು ಇಡೀ ಸಂಜೆ ಇದಕ್ಕೇ ಕೊಡುತ್ತೇನೆ. ‘ಬೇಡ’ ಎಂಬ ನಮ್ಮ ಪದ ಎರಡು ಕಡೆ ವಾಲುತ್ತದೆ. ‘ಇನ್ನು ಮಾತ್ರೆ ಬೇಡ’ ಅಂದರೆ ಅವಶ್ಯಕತೆ ಇಲ್ಲ ಅಂತಲೂ ಆಯ್ತು, ತಗೊಳ್ಳಬಾರದು ಅಂತಲೂ ಆಯ್ತು. ಮನೆಯಲ್ಲಿ ದನಿ, ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದೆ. ‘ಯು ಮಸ್ಟ್ ನಾಟ್ ಈಟ್ ಬಿಫೋರ್ ದ ಟೆಸ್ಟ್’ ಅಂದರೆ ತಿನ್ನಲೇಬಾರದು. ‘ಯು ಡೋಂಟ್ ಹ್ಯಾವ್ ಟು ಈಟ್’ ಅಂದರೆ ತಿನ್ನಬೇಕೆಂದಿಲ್ಲ, ತಿಂದರೂ ಆಯ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದ ರೋಗಿಗೆ ಎರಡನೆಯದನ್ನು ಹೇಳಿದರೆ ಅವರು ಎರಡು ಇಡ್ಲಿ ತಿಂದೇ ಬರುತ್ತಾರೆ. ಹಾಗೆಯೇ ‘ದ ಡಾಕ್ಟರ್ ಮೇ ನಾಟ್ ಕಮ್ ಟುಡೇ’ ಅಂದರೆ ಬರದೆ ಇರಬಹುದು, ಕಾದು ನೋಡಬಹುದು. ‘ಕಾಂಟ್ ಕಮ್’ ಅಂದರೆ ಬರಲು ಆಗುವುದಿಲ್ಲ, ಕಾದು ಪ್ರಯೋಜನ ಇಲ್ಲ. ಕುಂದಾಪುರದಿಂದ ಅಮ್ಮನನ್ನು ಕರೆದುಕೊಂಡು ಬಂದವರಿಗೆ ಆ ಒಂದು ಪದದಿಂದ ಇಡೀ ದಿನ ಹೋಗುತ್ತದೆ, ಇಲ್ಲವೇ ಉಳಿಯುತ್ತದೆ.

ಈಗ ಮರ್ಯಾದೆಯ ವಿಷಯ. ಕನ್ನಡದಲ್ಲಿ ನಮಗೆ ‘ನೀನು’, ‘ನೀವು’ ಇದೆ. ತುಳುವಿನಲ್ಲಿ ‘ಈ’, ‘ಈರ್’ ಇದೆ. ‘ಬಾ’ ಮತ್ತು ‘ಬನ್ನಿ’ ಎಂಬ ಎರಡು ಪದದಲ್ಲೇ ಅರ್ಧ ಮರ್ಯಾದೆ ಮುಗಿಯಿತು. ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ ಹಾಗೇ ಇತ್ತು. ಆಪ್ತರಿಗೆ, ಕಿರಿಯರಿಗೆ ‘ದೌ’, ಹಿರಿಯರಿಗೆ ‘ಯು’. 17ನೇ ಶತಮಾನ ಮುಗಿಯುವಷ್ಟರಲ್ಲಿ ದಿನಬಳಕೆಯ ಇಂಗ್ಲಿಷಿನಿಂದ ‘ದೌ’ ಬಹುಮಟ್ಟಿಗೆ ಹೋಯಿತು. ಪ್ರಾರ್ಥನೆಯಲ್ಲಿ, ಕೆಲವು ಕಡೆಯ ಆಡುಮಾತಿನಲ್ಲಿ ಮಾತ್ರ ಉಳಿಯಿತು. ಈಗ ಮಗುವಿಗೂ ‘ಯು’, ನ್ಯಾಯಾಧೀಶರಿಗೂ ‘ಯು’. ಕ್ರಿಯಾಪದದಲ್ಲೂ ಬಹುವಚನದ ಗೌರವ ಇಲ್ಲ. ಹಾಗಾದರೆ ಮರ್ಯಾದೆ ತೋರಿಸುವುದು ಎಲ್ಲಿ? ಅದರ ದೊಡ್ಡ ಪಾಲನ್ನು ಹೊರುವುದು ಈ ಕುಡ್, ವುಡ್‌ಗಳೇ. ನಾವು ಇಂಗ್ಲಿಷ್ ಮಾತಾಡುವಾಗ ‘ನೀವು’ವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾತಾಡುತ್ತೇವೆ. ಎದುರಿನವರಿಗೆ ಅದು ಕೇಳಿಸುವುದಿಲ್ಲ. ‘ಬನ್ನಿ, ಕೂತ್ಕೊಳ್ಳಿ’ ಎಂದು ಮನಸ್ಸಿನಲ್ಲಿ ಅಂದುಕೊಂಡು ‘ಕಮ್, ಸಿಟ್’ ಅಂದರೆ ಅವರಿಗೆ ತಲುಪುವುದು ‘ಬಾ, ಕೂತ್ಕೋ’.

‘ಪ್ಲೀಸ್ ಹಾಕಿದ್ದೇನಲ್ಲ’ ಅಂತ ಹಲವರು ಕೇಳುತ್ತಾರೆ. ‘ಪ್ಲೀಸ್ ಸೆಂಡ್ ದ ರಿಪೋರ್ಟ್’ ತಪ್ಪಲ್ಲ. ಆದರೆ ಅದು ಪ್ಲೀಸ್ ಸೇರಿಸಿದ ಆಜ್ಞೆ. ನಮ್ಮ ‘ದಯವಿಟ್ಟು’ ಎಲ್ಲಿ ಕಾಣುತ್ತದೆ ಯೋಚಿಸಿ. ಬೋರ್ಡಿನಲ್ಲಿ: ‘ದಯವಿಟ್ಟು ಚಪ್ಪಲಿ ಇಲ್ಲಿ ಬಿಡಿ’. ಪಕ್ಕದ ಮನೆಯವರ ಹತ್ತಿರ ಯಾರಾದರೂ ‘ದಯವಿಟ್ಟು ಮೊಸರು ಕೊಡಿ’ ಅನ್ನುತ್ತಾರಾ? ‘ಒಂಚೂರು ಮೊಸರು ಇದ್ರೆ ಕೊಡ್ತೀರಾ?’ ಅನ್ನುತ್ತೇವೆ. ಸರ್ವಿಸ್ ಬಸ್ಸಿನಲ್ಲಿ ಸೀಟಿನ ತುದಿಗೆ ಕೂರುವಾಗ ‘ಸ್ವಲ್ಪ ಆಚೆ ಸರೀತೀರಾ?’ ಅನ್ನುತ್ತೇವೆ, ತುಳುವಿನಲ್ಲಾದರೆ ‘ಒಂತೆ’ ಸೇರಿಸುತ್ತೇವೆ. ಅಂದರೆ ನಮ್ಮ ನಿಜವಾದ ಮರ್ಯಾದೆ ಇರುವುದು ಪ್ರಶ್ನೆಯಲ್ಲಿ ಮತ್ತು ‘ಸ್ವಲ್ಪ’ದಲ್ಲಿ. ‘ಕುಡ್ ಯು ಮೂವ್ ಎ ಲಿಟಲ್?’ ಅದೇ ಮಾತು. ಬೋರ್ಡಿನ ಕನ್ನಡವನ್ನು ಬಿಟ್ಟು ಬಸ್ಸಿನ ಕನ್ನಡವನ್ನು ಇಂಗ್ಲಿಷಿಗೆ ತನ್ನಿ, ಅರ್ಧ ಕೆಲಸ ಆಯ್ತು.

ಅದೇ ಬಸ್ಸಿನಲ್ಲಿ ಮಳೆ ಒಳಗೆ ಹೊಡೆಯುತ್ತಿದೆ, ಕಿಟಕಿ ಮುಚ್ಚಿಸಬೇಕು. ‘ಕ್ಯಾನ್ ಯು ಕ್ಲೋಸ್ ದ ವಿಂಡೋ?’ ಗೆಳತಿಗೆ ಸಾಕು. ‘ಕುಡ್ ಯು ಕ್ಲೋಸ್ ದ ವಿಂಡೋ?’ ಗೊತ್ತಿಲ್ಲದವರಿಗೆ. ‘ವುಡ್ ಯು ಮೈಂಡ್ ಕ್ಲೋಸಿಂಗ್ ದ ವಿಂಡೋ?’ ಇನ್ನೂ ಮೃದು. ಈ ಕೊನೆಯದಕ್ಕೆ ಉತ್ತರ ಕೊಡುವಾಗ ಜಾಗ್ರತೆ. ಅದರ ಅರ್ಥ ‘ಕಿಟಕಿ ಮುಚ್ಚಿದರೆ ನಿಮಗೆ ತೊಂದರೆಯಾ?’ ಅಂತ. ಮುಚ್ಚಲು ಒಪ್ಪಿಗೆ ಇದ್ದರೆ ‘ನೋ, ನಾಟ್ ಅಟ್ ಆಲ್’ ಅನ್ನಬೇಕು. ನಾವು ಕನ್ನಡದಲ್ಲಿ ‘ತೊಂದರೆ ಇಲ್ಲ ಅಲ್ವಾ?’ ಅಂದವರಿಗೆ ‘ಇಲ್ಲ ಇಲ್ಲ, ಪರವಾಗಿಲ್ಲ’ ಅನ್ನುತ್ತೇವಲ್ಲ, ಹಾಗೆ. ‘ಯೆಸ್’ ಅಂದುಬಿಟ್ಟರೆ ತೊಂದರೆ ಇದೆ ಎಂದಾಗುತ್ತದೆ.

ಕೇಳುವವರು ಹಿಂದೆ ಸರಿಯಬೇಕು, ಕೊಡುವವರು ಸರಿಯಬೇಕಾಗಿಲ್ಲ. ‘ಕುಡ್ ಐ ಯೂಸ್ ಯುವರ್ ಪೆನ್?’ ಎಂದವರಿಗೆ ಉತ್ತರ ‘ಯೆಸ್, ಯು ಕ್ಯಾನ್’. ‘ಯೆಸ್, ಯು ಕುಡ್’ ಅನ್ನಬಾರದು. ಅನುಮತಿ ಕೊಡುವಾಗ ಜಗಲಿಯಲ್ಲಿ ನಿಲ್ಲುವ ಅಗತ್ಯ ಇಲ್ಲ, ಮನೆ ನಿಮ್ಮದೇ. ‘ಪೆನ್ ಬೇಕಿತ್ತು’ ಅಂದವರಿಗೆ ನಾವು ‘ತಗೊಳ್ಳಿ’ ಅಂತ ಸೀದಾ ಹೇಳುವುದಿಲ್ಲವಾ? ಅದೇ ಲೆಕ್ಕ.

ಮಸ್ಟ್ ವಿಷಯದಲ್ಲಿ ನಾನೂ ನೋವು ತಿಂದವನು. ಬಹಳ ವರ್ಷದ ಹಿಂದೆ ಮಂಗಳೂರಿನ ಒಂದು ಕಚೇರಿಯಲ್ಲಿದ್ದೆ. ಹೊರದೇಶದ ಒಬ್ಬರಿಗೆ ‘ಯು ಮಸ್ಟ್ ಸೆಂಡ್ ದ ಪೇಪರ್ಸ್ ಬೈ ಫ್ರೈಡೇ’ ಎಂದು ಬರೆದೆ. ಒಂದೇ ಸಾಲಿನ ಉತ್ತರ ಬಂತು, ಹೆಸರು ಕೂಡ ಹಾಕಿರಲಿಲ್ಲ. ಆಮೇಲೆ ಅವರು ನನ್ನ ಜೊತೆ ಮೊದಲಿನಂತೆ ಮಾತಾಡಲೇ ಇಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ‘ಶುಕ್ರವಾರದೊಳಗೆ ಕಳಿಸಬೇಕು’ ಎಂಬ ಸಾಧಾರಣ ಮಾತು. ಬ್ರಹ್ಮಾವರದ ಹುಡುಗಿಯ ‘ಯು ಮಸ್ಟ್ ಅಪ್ರೂವ್’ ಕೂಡ ಅಲ್ಲಿಂದಲೇ ಬಂದದ್ದು. ಶಾಲೆಯಲ್ಲಿ ನಾವು ಬರೆದ ರಜಾ ಅರ್ಜಿ ನೆನಪು ಮಾಡಿಕೊಳ್ಳಿ: ‘ರಜೆ ಮಂಜೂರು ಮಾಡಬೇಕಾಗಿ ತಮ್ಮಲ್ಲಿ ವಿನಂತಿ.’ ಮದುವೆ ಕರೆಯುವಾಗಲೂ ‘ಮನೆಯವರೆಲ್ಲ ಬರಬೇಕು’. ಕನ್ನಡದಲ್ಲಿ ‘ಬೇಕು’ ಕೈಮುಗಿದುಕೊಂಡೂ ನಿಲ್ಲಬಲ್ಲದು. ಮಸ್ಟ್‌ಗೆ ಕೆಲಸದ ಕಾಗದದಲ್ಲಿ ಆ ಗುಣ ಇಲ್ಲ. ಅಲ್ಲಿ ‘ಕುಡ್ ಯು ಸೆಂಡ್ ದ ಪೇಪರ್ಸ್ ಬೈ ಫ್ರೈಡೇ?’ ಅಂದರೆ ಸಾಕಿತ್ತು.

ಆದರೆ ಮಸ್ಟ್ ಯಾವಾಗಲೂ ಒರಟು ಅಂತ ತಿಳಿಯಬೇಡಿ. ಲಾಭ ಯಾರಿಗೆ ಎಂದು ನೋಡಿ. ನಮ್ಮ ಕಡೆ ಮನೆಗೆ ಬಂದವರಿಗೆ ಬೆಲ್ಲ, ನೀರು ಇಟ್ಟು, ‘ಊಟ ಮಾಡಿಯೇ ಹೋಗಬೇಕು’ ಅಂತ ಹಟ ಹಿಡಿಯುತ್ತೇವೆ. ‘ನಿಮಗೆ ಇಷ್ಟವಾದರೆ ಒಂದು ನೀರುದೋಸೆ ತಿನ್ನಬಹುದು’ ಎಂದು ಯಾರಾದರೂ ಹೇಳಿದರೆ ಎದ್ದು ಹೋಗೋಣ ಅನ್ನಿಸುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ. ‘ಯು ಮಸ್ಟ್ ಟ್ರೈ ದಿಸ್’, ‘ಯು ಮಸ್ಟ್ ಕಮ್ ಹೋಮ್ ಸಮ್‌ಟೈಮ್’ ಎನ್ನುವುದು ಪ್ರೀತಿಯ ಮಾತು. ಎದುರಿನವರಿಂದ ಏನಾದರೂ ಪಡೆಯುವಾಗ ಜಾಗ ಬಿಡಬೇಕು, ಅವರಿಗೆ ಕೊಡುವಾಗ ಜಾಗ ಬಿಡದೆ ಒತ್ತಾಯ ಮಾಡಬೇಕು.

ಶ್ಯಾಲ್ ಬಗ್ಗೆ ಒಂದೇ ಮಾತು ಸಾಕು. ‘ಫ್ಯಾನ್ ಹಾಕಲಾ?’ ಅಂದರೆ ‘ಶ್ಯಾಲ್ ಐ’. ‘ಹೋಗೋಣವಾ?’ ಅಂದರೆ ‘ಶ್ಯಾಲ್ ವಿ’.

ಇನ್ನೆರಡು ಕಡೆ ನಮ್ಮವರು ಹಿಂದೆ ಸರಿಯಬಾರದಲ್ಲಿ ಸರಿಯುತ್ತಾರೆ. ಒಂದು, ‘ಐ ವುಡ್ ಬಿ ಇನ್ ಮಂಗಳೂರು ಟುಮಾರೊ.’ ವುಡ್ ಹಾಕಿದರೆ ಚೆಂದ ಎಂಬ ಭಾವನೆಯಿಂದ ಇದು ಬರುತ್ತದೆ. ಕೇಳುವವರು ಮಾತ್ರ ‘ಇಫ್’ಗೆ ಕಾಯುತ್ತಾರೆ: ಬರುತ್ತಿದ್ದೆ, ಆದರೆ ಏನಾಯ್ತು? ಖಂಡಿತ ಬರುವುದಾದರೆ ‘ಐ ವಿಲ್ ಬಿ’ ಎನ್ನಿ. ಎರಡನೆಯದು, ‘ಯೆಸ್ಟರ್‌ಡೇ ಐ ಕುಡ್ ಕ್ಯಾಚ್ ದ ಲಾಸ್ಟ್ ಬಸ್.’ ಒಂದು ಸಲ ಕಷ್ಟಪಟ್ಟು ಬಸ್ ಹಿಡಿದದ್ದನ್ನು ಹೇಳಲು ಕುಡ್ ಹೊಂದುವುದಿಲ್ಲ. ‘ಐ ವಾಸ್ ಏಬಲ್ ಟು ಕ್ಯಾಚ್’ ಅಥವಾ ‘ಐ ಮ್ಯಾನೇಜ್ಡ್ ಟು ಕ್ಯಾಚ್’ ಬೇಕು. ಬಸ್ ಸಿಗದಿದ್ದರೆ ‘ಐ ಕುಡಂಟ್ ಕ್ಯಾಚ್’ ಸರಿಯಾಗಿಯೇ ಇದೆ. ಚಿಕ್ಕಂದಿನಿಂದ ಇದ್ದ ಶಕ್ತಿಗೂ ಕುಡ್ ಸರಿ: ‘ಐ ಕುಡ್ ಸ್ವಿಮ್ ವೆನ್ ಐ ವಾಸ್ ಸಿಕ್ಸ್’.

ಅವಸರದ ಹೊತ್ತಿನಲ್ಲಿ ಇದನ್ನೆಲ್ಲ ಮರೆತುಬಿಡಿ. ರೋಗಿ ಉಸಿರಿಗೆ ಒದ್ದಾಡುತ್ತಿರುವಾಗ ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್’ ಎಂದು ಶುರು ಮಾಡಿದರೆ ಆ ಹೊತ್ತಿಗೆ ಅದು ಮರ್ಯಾದೆಯಲ್ಲ. ‘ಕಾಲ್ ದ ಡಾಕ್ಟರ್. ನೌ.’ ಅಲ್ಲಿ ಜಾಗ ಬಿಡಬಾರದು.

ಅವತ್ತು ಸಂಜೆ ಆ ಹುಡುಗಿ ಮೆಸೇಜನ್ನು ಅಳಿಸಿ ಮತ್ತೆ ಬರೆದಳು. ನಾನು ಏನೂ ಹೇಳಿಕೊಡಲಿಲ್ಲ, ‘ನಿನ್ನ ಬೇಕಿತ್ತುವನ್ನೇ ಹಾಕು’ ಅಂದೆ ಅಷ್ಟೇ. ಅವಳು ಬರೆದದ್ದು: ‘ಕುಡ್ ಐ ಟೇಕ್ ಲೀವ್ ಆನ್ ಮಂಡೇ? ಐ ಕುಡ್ ವರ್ಕ್ ಆನ್ ಸಂಡೇ ಇನ್‌ಸ್ಟೆಡ್.’ ಮೊದಲ ಕುಡ್‌ನಲ್ಲಿ ಕೇಳಿದಳು, ಎರಡನೆಯದರಲ್ಲಿ ಇನ್ನೊಂದು ದಾರಿ ತೆರೆದಿಟ್ಟಳು. ಹೊರಗೆ ಮಳೆ ಶುರುವಾಗಿತ್ತು. ಮೆಟ್ಟಿಲಿನ ಹತ್ತಿರ ಕೊಡೆ ಬಿಚ್ಚುತ್ತಿದ್ದವಳು ಫೋನ್ ನೋಡಿ ಅಲ್ಲಿಂದಲೇ ಕೂಗಿದಳು, ‘ಸಾರ್, ಯೆಸ್ ಯು ಕ್ಯಾನ್ ಅಂತ ಬಂತು! ಕುಡ್ ಅಲ್ಲ, ಕ್ಯಾನ್!’